ಈ ರಸ್ತೆ ಮುಂದೆ ಹೋಗತ್ತಾ? ಊರಿನ ರಸ್ತೆ ಜಾಲದ ಬಗ್ಗೆ ಪದೇ ಪದೇ ಕೇಳೋ ಪ್ರಶ್ನೆಗಳು

ಸುಮಾರು ವರ್ಷದಿಂದ ನಂಗೊಂದು ಅಭ್ಯಾಸ ಇದೆ. ಭಾನುವಾರ ಬೆಳಿಗ್ಗೆ ಎದ್ದು ಶಿವಮೊಗ್ಗದ ಯಾವ್ದಾದ್ರೂ ಒಂದು ಬಡಾವಣೆಗೆ ಹೋಗೋದು, ಅಲ್ಲಿನ ರಸ್ತೆ ಎಲ್ಲ ನಡೆಯೋದು, ಯಾವ ರಸ್ತೆ ಯಾವುದಕ್ಕೆ ಸೇರತ್ತೆ ಯಾವುದು ಗೋಡೆಗೆ ಹೋಗಿ ನಿಲ್ಲತ್ತೆ ಅಂತ ನೋಟ್‌ಬುಕ್ಕಲ್ಲಿ ಗುರುತು ಹಾಕ್ಕೊಂಡು ಬಂದು ಆಮೇಲೆ ಓಪನ್‌ಸ್ಟ್ರೀಟ್‌ಮ್ಯಾಪ್ ಅನ್ನೋ ಇಂಟರ್ನೆಟ್ ನಕ್ಷೆಗೆ ಏರಿಸೋದು. ದಾರೀಲಿ ಸಿಕ್ಕೋರು "ಏನ್ ಸಾರ್ ಸೈಟ್ ನೋಡ್ತಿದೀರಾ" ಅಂತ ಕೇಳ್ತಾರೆ, ಅಲ್ಲಿಂದ ಮಾತು ಶುರುವಾಗತ್ತೆ. ಹಾಗೆ ಜನ ಮತ್ತೆ ಮತ್ತೆ ಕೇಳಿರೋ ಪ್ರಶ್ನೆಗಳನ್ನ ಇಲ್ಲಿ ಒಟ್ಟು ಹಾಕಿದೀನಿ.

ರಸ್ತೆ ಜಾಲ ಅಂದ್ರೆ ಏನು? ರಸ್ತೆ ಚೆನ್ನಾಗಿದ್ರೆ ಸಾಕಲ್ವಾ?

ಸಾಲಲ್ಲ. ರಸ್ತೆ ಚೆನ್ನಾಗಿದೆ ಅಂದ್ರೆ ನಾವು ನೋಡೋದು ಡಾಂಬರು, ಅಗಲ, ಗುಂಡಿ ಇಷ್ಟೇ. ಆದ್ರೆ ಆ ರಸ್ತೆ ಎಲ್ಲಿಗೆ ಹೋಗಿ ಸೇರತ್ತೆ ಅನ್ನೋದು ಬೇರೇನೇ ವಿಷಯ. 40 ಅಡಿ ಕಾಂಕ್ರೀಟ್ ರಸ್ತೆ ಇದ್ದು ಅದು ಕೊನೇಲಿ ಕಾಂಪೌಂಡ್‌ಗೆ ಹೋಗಿ ನಿಂತ್ರೆ, ಅದ್ರಿಂದ ಆ ರಸ್ತೆಯ ಮನೆಯವ್ರಿಗೆ ಬಿಟ್ರೆ ಊರಿಗೆ ಏನೂ ಉಪಯೋಗ ಇಲ್ಲ, ಅವ್ರಿಗೂ ಒಂದೇ ಕಡೆ ಬಾಗಿಲು. 10 ಅಡಿ ಓಣಿ ಆದ್ರೂ ಎರಡೂ ಕಡೆ ತೆರೆದಿದ್ರೆ ಅದು ಊರಿನ ದಾರಿ. ರಸ್ತೆಗಳು ಒಂದಕ್ಕೊಂದು ಹೇಗೆ ಕೂಡ್ಕೊಂಡಿವೆ ಅನ್ನೋದೇ ಜಾಲ. ಮೀನಿನ ಬಲೆ ನೆನೆಸ್ಕೊಳ್ಳಿ, ದಾರ ಎಷ್ಟು ದಪ್ಪ ಅನ್ನೋದಕ್ಕಿಂತ ಗಂಟು ಎಲ್ಲೆಲ್ಲಿ ಬಿದ್ದಿದೆ ಅನ್ನೋದು ಮುಖ್ಯ.

ಅದನ್ನ ಅಳೆಯೋದು ಹೇಗೆ? ಬರೀ ನೋಡಿ ಹೇಳೋದಾ?

ನೋಡಿ ಹೇಳೋದಲ್ಲ, ಲೆಕ್ಕ ಇದೆ, ಅದೂ ಹೈಸ್ಕೂಲ್ ಲೆಕ್ಕ. ರಸ್ತೆಗಳು ಸೇರೋ ಜಾಗಕ್ಕೆ ಒಂದು ಚುಕ್ಕಿ ಇಡಿ, ರಸ್ತೆ ಮುಗಿಯೋ ಜಾಗಕ್ಕೂ ಒಂದು ಚುಕ್ಕಿ ಇಡಿ, ಎರಡು ಚುಕ್ಕಿ ಮಧ್ಯದ ರಸ್ತೆ ಒಂದು ಗೆರೆ. ಈಗ ಒಂದೊಂದು ಚುಕ್ಕಿಗೂ ಎಷ್ಟು ಗೆರೆ ಬಂದು ಸೇರ್ತಾವೆ ಅಂತ ಎಣಿಸಿ. ಸರ್ಕಲ್ ಥರ ನಾಲ್ಕು ಕಡೆಯಿಂದ ಬಂದ್ರೆ 4, ಟಿ ಥರ ಸೇರಿದ್ರೆ 3, ಡೆಡ್ ಎಂಡ್ ಆದ್ರೆ 1. ಎಲ್ಲಾದರ ಸರಾಸರಿ 4ರ ಹತ್ರ ಬಂದಷ್ಟೂ ಜಾಲ ಗಟ್ಟಿ.

ಇನ್ನೊಂದು ಲೆಕ್ಕ, ಇದು ನಂಗೆ ತುಂಬಾ ಇಷ್ಟ. 16 ಚುಕ್ಕಿ ತಗೊಳ್ಳಿ, ನಾಲ್ಕು ಸಾಲು ನಾಲ್ಕು ಕಂಬ, ರಂಗೋಲಿ ಚುಕ್ಕಿ ಇಟ್ಟ ಹಾಗೆ. ಪಕ್ಕಪಕ್ಕದ ಎಲ್ಲಾ ಚುಕ್ಕಿ ಸೇರಿಸಿದ್ರೆ 24 ಗೆರೆ ಬೀಳತ್ತೆ. ಅದೇ 16 ಚುಕ್ಕಿನ ಮರದ ಕೊಂಬೆ ಥರ, ಎಲ್ಲೂ ಸುತ್ತು ಬರದ ಹಾಗೆ ಸೇರಿಸಿದ್ರೆ ಬರೀ 15 ಗೆರೆ ಸಾಕು. ಅಂದ್ರೆ ರಸ್ತೆ ಮಾಡೋ ಖರ್ಚು ಕಮ್ಮಿ, ಸೈಟ್ ಜಾಸ್ತಿ. ಆದ್ರೆ ಆ 15 ಗೆರೇಲಿ ಯಾವ ಒಂದು ಗೆರೆ ಕಟ್ ಆದ್ರೂ, ಮರ ಬೀಳಲಿ ಯುಜಿಡಿಗೆ (ಒಳಚರಂಡಿಗೆ) ಅಗೆಯಲಿ ಮದ್ವೆ ಶಾಮಿಯಾನ ಹಾಕಲಿ, ಜಾಲ ಎರಡು ತುಂಡು. 24 ಗೆರೆ ಇರೋ ಕಡೆ ಒಂದು ಕಟ್ ಆದ್ರೆ ಪಕ್ಕದ ಕ್ರಾಸಲ್ಲಿ ಹೋಗ್ತೀವಿ ಅಷ್ಟೇ. ಗೆರೆಯಿಂದ ಚುಕ್ಕಿ ಕಳೆದು ಒಂದು ಕೂಡಿಸಿ: 24 ಕಳೆ 16 ಕೂಡಿಸು 1, ಒಟ್ಟು 9. ಅಷ್ಟು ಸುತ್ತುಗಳಿವೆ ಅಂತ ಅರ್ಥ. ಮರದ ಥರ ಇರೋದಕ್ಕೆ ಇದೇ ಲೆಕ್ಕ ಹಾಕಿದ್ರೆ ಬರೋದು ಸೊನ್ನೆ.

ಮೂರನೇದು ಸುತ್ತುಬಳಸು. ಹಕ್ಕಿ ಹಾರಿದ್ರೆ ಎಷ್ಟು ದೂರ, ನಾವು ನಡೆದ್ರೆ ಎಷ್ಟು ದೂರ, ಎರಡನ್ನೂ ಭಾಗಿಸೋದು. ಚೌಕ ಚೌಕವಾಗಿರೋ ಗ್ರಿಡ್ ರಸ್ತೆಯಲ್ಲಿ ಇದು ಸರಾಸರಿ 1.27ರ ಆಸುಪಾಸು ಇರತ್ತೆ, ಎಷ್ಟೇ ಕೆಟ್ಟರೂ ಹೆಚ್ಚುಕಮ್ಮಿ 1.41 ದಾಟಲ್ಲ. ನಮ್ಮನೆಯಿಂದ ನಮ್ಮಣ್ಣನ ಮಗಳ ಸ್ಕೂಲಿಗೆ ನಾನು ಅಳೆದೆ, ಹಕ್ಕಿ ದಾರಿ 180 ಮೀಟರ್, ರಸ್ತೆಯಲ್ಲಿ 1.3 ಕಿಲೋಮೀಟರ್. ಏಳು ಪಟ್ಟು ಮಾರಾಯ್ರೆ! ಮಧ್ಯ ಗುಡ್ಡ ಇಲ್ಲ ಹೊಳೆ ಇಲ್ಲ, ಎರಡು ಲೇಔಟ್ ಮಧ್ಯ ಒಂದು ಗೋಡೆ ಇದೆ. ಸ್ಕೂಲ್ ಬೆಲ್ ನಮ್ಮನೆ ಅಡುಗೆಮನೆಗೆ ಕೇಳತ್ತೆ, ಮಗು ಮಾತ್ರ ಆಟೋದಲ್ಲಿ ಹೋಗತ್ತೆ.

ಇದನ್ನೆಲ್ಲ ಒಟ್ಟು ಮಾಡಿ ಯಾರಾದ್ರೂ ಅಧ್ಯಯನ ಮಾಡಿದಾರಾ?

ಮಾಡಿದಾರೆ. ಕ್ರಿಸ್ಟೋಫರ್ ಬ್ಯಾರಿಂಗ್ಟನ್-ಲೀ ಮತ್ತು ಆಡಮ್ ಮಿಲಾರ್ಡ್-ಬಾಲ್ ಅಂತ ಇಬ್ರು ಸಂಶೋಧಕರು 2015ರಲ್ಲಿ ಅಮೆರಿಕದ ಲೆಕ್ಕ ಕೊಟ್ರು, 2020ರಲ್ಲಿ ಇಡೀ ಪ್ರಪಂಚದ್ದು. ಮೇಲೆ ಹೇಳಿದ ಥರದ ಹಲವು ಅಳತೆ, ಅಂದ್ರೆ ಚುಕ್ಕಿಗೆ ಎಷ್ಟು ಗೆರೆ, ಡೆಡ್ ಎಂಡ್ ಎಷ್ಟು, ಎಷ್ಟು ಸುತ್ತಬೇಕು, ಎಷ್ಟು ಡೊಂಕು, ಕೊಂಬೆ ಥರ ಇರೋದು ಎಷ್ಟು, ಇದನ್ನೆಲ್ಲ ಸೇರಿಸಿ ಒಂದು ಸೂಚ್ಯಂಕ ಮಾಡಿದಾರೆ, ಅದಕ್ಕೆ ಎಸ್‌ಎನ್‌ಡಿಐ ಅಂತಾರೆ. ಅದು ಜಾಸ್ತಿ ಇದ್ದಷ್ಟೂ ರಸ್ತೆ ಜಾಲ ತುಂಡು ತುಂಡು. ಇದಕ್ಕೆ ಅವ್ರು ಬಳಸಿದ್ದು ಓಪನ್‌ಸ್ಟ್ರೀಟ್‌ಮ್ಯಾಪ್, 2004ರಲ್ಲಿ ಶುರುವಾಗಿ ಜನ ತಾವೇ ಕೂತು ಬರೆದಿರೋ ನಕ್ಷೆ. ನಮ್ಮೂರಲ್ಲಿ ನಾವು ಎಳೆದ ಒಂದು ಗೆರೆ ಅಷ್ಟು ದೂರದವ್ರ ಲೆಕ್ಕಕ್ಕೂ ಸಿಗತ್ತೆ ಅನ್ನೋದು ಗೊತ್ತಾದ ದಿನ ನಂಗೆ ಸಿಕ್ಕಾಪಟ್ಟೆ ಖುಷಿ ಆಗಿತ್ತು.

ರಸ್ತೆ ಯಾವ ಕಾಲದ್ದು ಅಂತ ನಕ್ಷೇಲಿ ಬರೆದಿರಲ್ಲ, ಅದಕ್ಕೆ ಸ್ಯಾಟಲೈಟ್ ಚಿತ್ರದಿಂದ ಆ ಜಾಗದಲ್ಲಿ ಕಟ್ಟಡ ಎದ್ದಿದ್ದು ಯಾವಾಗ ಅಂತ ನೋಡಿದಾರೆ, 1975ಕ್ಕೆ ಮುಂಚೆನಾ, 1990ರೊಳಗಾ, 2000ದೊಳಗಾ, 2014ರೊಳಗಾ ಅಂತ ಪದರ ಪದರ ಮಾಡಿ.

ಲೆಕ್ಕದಲ್ಲಿ ಏನು ಬಂತು? ಪ್ರಪಂಚ ಯಾವ ಕಡೆ ಹೋಗ್ತಿದೆ?

ಒಟ್ಟಾರೆ ತುಂಡಾಗೋ ಕಡೆಗೇ. 1975ರಿಂದ ಈಚೆಗೆ ಪ್ರಪಂಚದ ಬಹಳ ಕಡೆ ಹೊಸದಾಗಿ ಸೇರಿದ ರಸ್ತೆಗಳು ಹಳೇವಕ್ಕಿಂತ ಕಮ್ಮಿ ಕೂಡ್ಕೊಂಡಿವೆ. ಆಗ್ನೇಯ ಏಷ್ಯಾದಲ್ಲಿ ಗೇಟೆಡ್ ಕಮ್ಯುನಿಟಿ ಬಂದು ಇದು ಜೋರಾಗಿದೆ. ಬೊಲಿವಿಯಾ, ಅರ್ಜೆಂಟೀನಾ, ಪೆರು ಕಡೆ ಮಾತ್ರ ಹಳೇ ಚೌಕ ಚೌಕದ ಪದ್ಧತಿ ಬಹುಮಟ್ಟಿಗೆ ಉಳ್ಕೊಂಡಿದೆ. ಜರ್ಮನಿ, ಡೆನ್ಮಾರ್ಕ್, ಬ್ರಿಟನ್ನಲ್ಲಿ ಕಾರಿಗೆ ದಾರಿ ಮುಚ್ಚಿದ್ರೂ ನಡೆಯೋರಿಗೆ, ಸೈಕಲ್‌ಗೆ ಒಳದಾರಿ ಬಿಟ್ಟು ಜಾಲ ಉಳಿಸ್ಕೊಂಡಿದಾರೆ. ಈ ಕೊನೇ ವಿಷಯ ನೆನಪಿಟ್ಕೊಳ್ಳಿ, ಮುಂದೆ ಬೇಕಾಗತ್ತೆ.

ಅಮೆರಿಕದ ಕಥೆ ಇನ್ನೂ ಸ್ವಾರಸ್ಯ. ಅಲ್ಲಿ ಮೊದಲು ಎಲ್ಲ ಗ್ರಿಡ್ಡೇ, ನ್ಯೂಯಾರ್ಕಿನ ಮ್ಯಾನ್‌ಹಟನ್‌ಗೆ 1811ರಲ್ಲೇ ಗೆರೆ ಎಳೆದು ಇಟ್ಟಿದ್ರು. ಆಮೇಲೆ ಕಾರು ಬಂತು, 1930ರ ದಶಕದಲ್ಲಿ ಮನೆ ಸಾಲಕ್ಕೆ ಗ್ಯಾರಂಟಿ ಕೊಡೋ ಅಲ್ಲಿನ ಸರ್ಕಾರಿ ಸಂಸ್ಥೆನೇ ಗ್ರಿಡ್ ಬೇಡ, ಬಳುಕು ರಸ್ತೆ, ಡೆಡ್ ಎಂಡ್ ರಸ್ತೆ ಒಳ್ಳೇದು ಅಂತ ಮಾದರಿ ಕೊಡ್ತು. ಸಾಲ ಬೇಕಾದ್ರೆ ಯಾವ ಬಿಲ್ಡರ್ ಆ ಮಾತು ಮೀರ್ತಾನೆ ಹೇಳಿ? ಹೀಗೆ ತುಂಡು ರಸ್ತೆಗಳ ಲೆಕ್ಕ ಏರ್ತಾ ಏರ್ತಾ 1994ರ ಸುಮಾರಿಗೆ ತುದಿ ಮುಟ್ಟಿ, ಅಲ್ಲಿಂದ ಇಳಿಯೋಕೆ ಶುರುವಾಗಿದೆ. ವರ್ಜೀನಿಯಾ ರಾಜ್ಯದಲ್ಲಂತೂ 2009ರಲ್ಲಿ ಹೊಸ ಬಡಾವಣೆ ರಸ್ತೆನ ಸರ್ಕಾರ ವಹಿಸ್ಕೊಂಡು ನಿರ್ವಹಣೆ ಮಾಡ್ಬೇಕಾದ್ರೆ ಅದು ಅಕ್ಕಪಕ್ಕಕ್ಕೆ ಸೇರಿರಬೇಕು ಅಂತ ನಿಯಮ ತಂದ್ರು. ಅಂದ್ರೆ ಇದು ಹಣೆಬರಹ ಅಲ್ಲ, ನಿಯಮದಿಂದ ಹಾಳಾಗಿದ್ದು ನಿಯಮದಿಂದಲೇ ತಿರುಗತ್ತೆ.

ಕಾಲ ಕಳೆದ ಹಾಗೆ ಊರು ತಾನಾಗೇ ಕೂಡ್ಕೊಳ್ಳಲ್ವಾ? ಈಗ ಹೊಸ ಏರಿಯಾ, ಮುಂದೆ ಸರಿ ಹೋಗತ್ತೆ ಅಂತಾರಲ್ಲ?

ಈ ಮಾತು ಕೇಳಿದ್ರೆ ನಂಗೆ ಹೊಟ್ಟೆ ಉರಿಯತ್ತೆ, ಯಾಕಂದ್ರೆ ಆಗೋದು ಇದಕ್ಕೆ ತದ್ವಿರುದ್ಧ. ಮನೆ ಕೆಡವಿ ಕಟ್ಟಬಹುದು, ಹೆಂಚಿನ ಮನೆ ತಾರಸಿ ಆಗತ್ತೆ, ತಾರಸಿ ಮೂರು ಮಹಡಿ ಆಗತ್ತೆ, ಕೆಳಗೆ ಅಂಗಡಿ ಬರತ್ತೆ. ರಸ್ತೆ ಮಾತ್ರ ಬದಲಾಗಲ್ಲ. ಒಂದು ಸಲ ಸೈಟ್ ಮಾರಿ ಐವತ್ತು ಜನರ ಹೆಸರಿಗೆ ಖಾತೆ ಆಯ್ತು ಅಂದ್ರೆ ಮುಗೀತು, ಆಮೇಲೆ ಒಂದು ಅಡಿ ದಾರಿ ಬೇಕು ಅಂದ್ರೂ ಐವತ್ತು ಮನೆ ಬಾಗಿಲು ತಟ್ಟಬೇಕು.

ಲಂಡನ್ 1666ರಲ್ಲಿ ಬೆಂಕಿ ಬಿದ್ದು ಊರಿಗೆ ಊರೇ ಸುಟ್ಟೋಯ್ತು. ಕ್ರಿಸ್ಟೋಫರ್ ರೆನ್ ಅನ್ನೋ ವಾಸ್ತುಶಿಲ್ಪಿ ಅಗಲ ರಸ್ತೆಗಳ ಹೊಸ ನಕ್ಷೆ ಮಾಡಿಕೊಟ್ಟ. ಆದ್ರೂ ಜನ ಬಹುಮಟ್ಟಿಗೆ ಹಳೇ ರಸ್ತೆಗಳ ಮೇಲೇ ಮತ್ತೆ ಮನೆ ಕಟ್ಕೊಂಡ್ರು, ಯಾಕಂದ್ರೆ ಮನೆ ಸುಟ್ಟಿತ್ತೇ ಹೊರತು ನೆಲ ಯಾರದ್ದು ಅನ್ನೋದು ಸುಟ್ಟಿರಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೋ 1906ರ ಭೂಕಂಪದಲ್ಲಿ ನೆಲಸಮ ಆದಾಗಲೂ ಇದೇ ಆಯ್ತು. ಬೆಂಕಿ ಭೂಕಂಪಕ್ಕೇ ಬಗ್ಗದ ರಸ್ತೆ ಗೆರೆ ನಮ್ಮ ವಾರ್ಡಿನ ಮನವಿ ಪತ್ರಕ್ಕೆ ಬಗ್ಗತ್ತಾ? ಅದಕ್ಕೇ ಮೊದಲ ದಿನ ಹಾಕೋ ಗೆರೆ ಬಗ್ಗೆ ನಾನು ಇಷ್ಟು ತಲೆ ಕೆಡಿಸ್ಕೊಳೋದು.

ಶಿವಮೊಗ್ಗದಲ್ಲಿ ಹೇಗಿದೆ? ನಮ್ಮೂರು ಪರವಾಗಿಲ್ವಾ?

ಊರಿನ ಹೊಟ್ಟೆ ಚೆನ್ನಾಗಿದೆ, ಅಂಚು ಕೆಡ್ತಾ ಇದೆ. ನೆಹರು ರೋಡ್, ದುರ್ಗಿಗುಡಿ, ಗಾರ್ಡನ್ ಏರಿಯಾ ಕಡೆ ನಡೆದು ನೋಡಿ. ಒಂದು ಕ್ರಾಸ್ ಆದ್ಮೇಲೆ ಇನ್ನೊಂದು ಕ್ರಾಸ್, ಒಂದರಲ್ಲಿ ಜಾಮ್ ಆದ್ರೆ ಪಕ್ಕದ್ದರಲ್ಲಿ ನುಗ್ಗಬಹುದು. ಗಾಂಧಿ ಬಜಾರ್ ಹಿಂದಿನ ಕೇರಿಗಳಿಗೆ ಹೋದ್ರೆ ರಸ್ತೆ ಸಣ್ಣ, ಡೊಂಕು, ಎರಡು ಆಟೋ ಎದುರಾದ್ರೆ ಒಬ್ಬ ಹಿಂದೆ ಹೋಗಲೇಬೇಕು, ಆದ್ರೂ ನಡೆಯೋರಿಗೆ ಎಲ್ಲಿಂದ ಎಲ್ಲಿಗೆ ಬೇಕಾದ್ರೂ ತೂರ್ಕೊಂಡು ಹೋಗೋಕಾಗತ್ತೆ. ಡೊಂಕಾಗಿರೋದು ಬೇರೆ, ತುಂಡಾಗಿರೋದು ಬೇರೆ. ಯಾರೂ ನಕ್ಷೆ ಮಾಡದೆ ತಾನಾಗೇ ಬೆಳೆದ ಹಳೇ ಊರು ನಕ್ಷೆ ಅಪ್ರೂವಲ್ ಆದ ಎಷ್ಟೋ ಲೇಔಟ್‌ಗಿಂತ ಚೆನ್ನಾಗಿ ಕೂಡ್ಕೊಂಡಿದೆ. ವಿನೋಬನಗರದಲ್ಲಿ 100 ಅಡಿ ರಸ್ತೆ, 60 ಅಡಿ ರಸ್ತೆ, ಅದಕ್ಕೆ ಅಡ್ಡರಸ್ತೆ ಅಂತ ಒಂದು ಲೆಕ್ಕಾಚಾರದಲ್ಲಿ ಇದೆ, ಹೊಸಬರು ಬಂದ್ರೂ ದಾರಿ ತಪ್ಪಲ್ಲ.

ಹಳೇ ಬಡಾವಣೆಗಳಲ್ಲಿ ಮನೆ ಹಿಂದೆ ಕನ್ಸರ್ವೆನ್ಸಿ ಅಂತ ಸಂದಿ ಇರತ್ತಲ್ಲ, ಅದೂ ಜಾಲವೇ. ಬೆಂಗಳೂರಲ್ಲಿ 1898ರ ಪ್ಲೇಗ್ ಆದ್ಮೇಲೆ ಮಲ್ಲೇಶ್ವರ, ಬಸವನಗುಡಿ ಅಂತ ಗಾಳಿ ಬೆಳಕು ಬರೋ ಹಾಗೆ ನೇರ ರಸ್ತೆಯ ಬಡಾವಣೆ ಮಾಡಿದ್ರು, ಮಲ್ಲೇಶ್ವರದಲ್ಲಿ ಹಿಂದಿನ ಸಂದಿ ಬಿಟ್ಟಿದ್ದು ಕಕ್ಕಸು ಬಳಿಯೋರ ಓಡಾಟಕ್ಕೆ. ಆ ಅಮಾನವೀಯ ಪದ್ಧತಿ ಹೋಯ್ತು, ಸಂದಿ ಉಳೀತು. ಕಸ, ಕಟ್ಟೆ, ಜನರೇಟರ್ ಇಟ್ಟು ಮುಚ್ಚದೆ ಸ್ವಚ್ಛ ಇಟ್ಕೊಂಡ್ರೆ ಈ ಸಂದಿಗಳೇ ಮಕ್ಕಳಿಗೆ, ವಯಸ್ಸಾದೋರಿಗೆ ಗಾಡಿ ಕಾಟ ಇಲ್ಲದ ದಾರಿ.

ಇನ್ನು ನಮ್ಮೂರಿಗೆ ಹುಟ್ಟಿನಿಂದ ಬಂದ ತಡೆ ಅಂದ್ರೆ ತುಂಗೆ. ಹೊಳೆಗೆ ಎಷ್ಟು ಸೇತುವೆ ಇದಾವೋ ಅಷ್ಟೇ ದಾರಿ, ವಿದ್ಯಾನಗರದ ಕಡೆಯೋರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಆಮೇಲೆ ಊರನ್ನ ಸೀಳ್ಕೊಂಡು ಸಾಗರ ಕಡೆ ಹೋಗೋ ರೈಲ್ವೆ ಲೈನ್, ಚಾನಲ್. ಇವೆಲ್ಲ ಇದ್ದೇ ಇರತ್ತೆ, ಅದಕ್ಕೆ ಬೈದು ಪ್ರಯೋಜನ ಇಲ್ಲ. ಆದ್ರೆ ಹೊಳೆ, ಹಳಿ ಇಲ್ಲದ ಕಡೆನೂ ನಾವೇ ಗೋಡೆ ಕಟ್ಟಿ ಹೊಳೆ ಮಾಡ್ಕೊಳ್ಳೋದು ಯಾವ ನ್ಯಾಯ?

ಹೊಸ ಲೇಔಟ್‌ಗಳಲ್ಲೇ ಯಾಕೆ ಹೀಗೆ? ಮಾಡೋರಿಗೆ ಬುದ್ಧಿ ಇಲ್ವಾ?

ಬುದ್ಧಿ ಇದೆ, ಕಾರಣ ಬೇರೆ. ಗದ್ದೆ, ತೋಟ ಸರ್ವೇ ನಂಬರ್ ಪ್ರಕಾರ ತುಂಡು ತುಂಡಾಗಿ ಇರತ್ತೆ. ಒಬ್ಬರದ್ದು ಎರಡು ಎಕರೆ, ಪಕ್ಕದವ್ರದ್ದು ಮೂರು ಎಕರೆ ಹತ್ತು ಗುಂಟೆ. ಈ ವರ್ಷ ಇವ್ರು ಕನ್ವರ್ಷನ್ ಮಾಡಿಸ್ತಾರೆ, ಮೇನ್ ರೋಡಿಂದ ಒಂದು ರಸ್ತೆ ಒಳಗೆ ತಗೊಂಡು ಎರಡೂ ಕಡೆ 30×40 ಸೈಟ್ ಮಾಡಿ ಹಿಂದೆ ಕಾಂಪೌಂಡ್ ಹಾಕ್ತಾರೆ. ಐದು ವರ್ಷ ಬಿಟ್ಟು ಪಕ್ಕದವ್ರು ಮಾಡ್ತಾರೆ, ಅವ್ರೂ ಮೇನ್ ರೋಡಿಂದ ಇನ್ನೊಂದು ರಸ್ತೆ. ಎರಡು ಬಾಚಣಿಗೆ ಬೆನ್ನಿಗೆ ಬೆನ್ನು ಕೊಟ್ಟು ಇಟ್ಟ ಹಾಗೆ. ಒಳಗಿನ ಎಲ್ಲರೂ, ಪಕ್ಕದ ಬೀದಿಗೆ ಹೋಗೋದಕ್ಕೂ, ಸಾಗರ ರೋಡಿಗೋ ಸವಳಂಗ ರೋಡಿಗೋ ಬಂದು ಹೋಗಬೇಕು. ಮೇನ್ ರೋಡಲ್ಲಿ ಟ್ರಾಫಿಕ್ ಜಾಸ್ತಿ ಆಯ್ತು ಅಂತ ಎಲ್ರೂ ಬೈತಾರೆ, ಅದ್ರಲ್ಲಿ ಒಂದು ಪಾಲು ಹಾಲಿಗೆ, ಟ್ಯೂಷನ್‌ಗೆ, ದೇವಸ್ಥಾನಕ್ಕೆ ಅಂತ ಬಂದಿರೋ ಅಕ್ಕಪಕ್ಕದ ಮನೆಯವ್ರೇ.

ಇನ್ನೂ ಒಂದು ಕೆಲಸ ಮಾಡೋರಿದಾರೆ, ರಸ್ತೆ ಕೊನೇಲಿ ಒಂದೆರಡು ಅಡಿ ಜಾಗ ತಮ್ಮ ಹೆಸರಲ್ಲೇ ಇಟ್ಕೊಳೋದು. ಪಕ್ಕದವ್ರು ನಾಳೆ ಲೇಔಟ್ ಮಾಡಿ ರಸ್ತೆ ಸೇರಿಸಬೇಕು ಅಂದ್ರೆ ದುಡ್ಡು ಕೇಳೋಕೆ. ಒಂದಡಿ ನೆಲಕ್ಕೋಸ್ಕರ ನೂರಾರು ಮನೆಯವ್ರು ತಲೆಮಾರುಗಟ್ಟಲೆ ಸುತ್ತಬೇಕು.

ಹಳೇ ಗ್ರಾಮ ನಕಾಶೆಯಲ್ಲಿ ಬಂಡಿದಾರಿ, ಕಾಲುದಾರಿ ಅಂತ ಚುಕ್ಕಿ ಗೆರೆ ಹಾಕಿರ್ತಾರೆ, ನಕಾಶೆ ಕಂಡ ದಾರಿ ಅಂತಾರಲ್ಲ ಅದು. ಹೊಲ ಲೇಔಟ್ ಆಗೋವಾಗ ಇದನ್ನ ಉಳಿಸ್ಕೊಂಡ್ರೆ ಅರ್ಧ ಜಾಲ ಪುಕ್ಕಟೆ ಸಿಗತ್ತೆ. ಎತ್ತಿನಗಾಡಿಯವ್ರು ಎಲ್ಲಿಂದ ಎಲ್ಲಿಗೆ ಹೋಗೋದು ಸಲೀಸು ಅಂತ ಎಷ್ಟೋ ತಲೆಮಾರು ನಡೆದು ಹುಡುಕಿದ ದಾರಿ ಅದು.

ಡೆಡ್ ಎಂಡ್ ಇದ್ರೆ ಒಳ್ಳೇದಲ್ವಾ? ಮಕ್ಕಳು ಆಡ್ತಾವೆ, ಕಳ್ಳರ ಭಯ ಇಲ್ಲ, ಗಲಾಟೆ ಇಲ್ಲ.

ಈ ಪ್ರಶ್ನೆ ಕೇಳೋರು ತಪ್ಪಲ್ಲ. ಮನೆ ಮುಂದೆ ಬೈಕ್‌ಗಳು ಬರ್ ಅಂತ ಹೋಗ್ತಾ ಇದ್ರೆ ಯಾರಿಗೆ ತಾನೇ ನೆಮ್ಮದಿ. ಮಗು ಗೇಟ್ ದಾಟಿದ ತಕ್ಷಣ ತಾಯಿ ಎದೆ ಹೊಡ್ಕೊಳ್ಳತ್ತೆ, ಅದು ನಿಜವಾದ ಭಯ. ಆದ್ರೆ ಬೇಡವಾಗಿರೋದು ಗಾಡಿ ತಾನೇ? ಮನುಷ್ಯರು ನಡೆದು ಹೋಗೋದನ್ನ ಯಾಕೆ ಮುಚ್ಚಬೇಕು?

ನಮ್ಮ ಮಲೆನಾಡಲ್ಲಿ ಇದಕ್ಕೆ ಉತ್ತರ ಯಾವಾಗ್ಲೋ ಕಂಡ್ಕೊಂಡಿದಾರೆ. ತಡಮೆ ಗೊತ್ತಲ್ಲ? ತೋಟದ ಬೇಲಿಗೆ, ಗದ್ದೆ ಅಂಚಿಗೆ ಮಾಡಿರ್ತಾರೆ, ಮನುಷ್ಯ ಕಾಲೆತ್ತಿ ದಾಟಿ ಹೋಗಬಹುದು, ದನ ಬರಕ್ಕಾಗಲ್ಲ. ಬೇಲಿನೂ ಇದೆ, ದಾರಿನೂ ಇದೆ. ಜರ್ಮನಿ, ಡೆನ್ಮಾರ್ಕಲ್ಲಿ ಮಾಡಿದ್ದು ಇದನ್ನೇ. ರಸ್ತೆ ಕೊನೇಲಿ ಮೂರು ಕಲ್ಲು ಕಂಬ ನೆಟ್ಟರು, ಕಾರು ನಿಂತಿತು, ಸೈಕಲ್ಲು, ಅಜ್ಜಿ, ಸ್ಕೂಲ್ ಮಕ್ಕಳು ದಾಟಿ ಹೋದ್ರು. ನಮ್ಮಲ್ಲಿ ದನಕ್ಕೆ ಮಾಡಿದ್ದನ್ನ ಅವ್ರು ಕಾರಿಗೆ ಮಾಡಿದಾರೆ ಅಷ್ಟೇ. (ಸೈಕಲ್, ವೀಲ್‌ಚೇರ್ ಹೋಗೋ ಅಷ್ಟು ಸಂದಿ ಬಿಡಬೇಕು ಮತ್ತೆ, ಕಾಲೆತ್ತಿ ದಾಟೋ ಥರದ್ದು ಪೇಟೇಲಿ ಬೇಡ.)

ಖರ್ಚು ಎಷ್ಟು ಅಂತ ಲೆಕ್ಕ ಹಾಕೋಣ. 30×40 ಸೈಟ್ ಅಂದ್ರೆ 1200 ಚದರಡಿ. ಎರಡು ಲೇಔಟ್ ಮಧ್ಯ ಒಂದು ಸೈಟಿನ ಆಳ 40 ಅಡಿ, 10 ಅಡಿ ಅಗಲದ ದಾರಿ ಬಿಟ್ರೆ 400 ಚದರಡಿ. ಒಂದು ಸೈಟಿನ ಮೂರನೇ ಒಂದು ಭಾಗ. ಎರಡು ಎಕರೆ ಅಂದ್ರೆ 80 ಗುಂಟೆ, 87,120 ಚದರಡಿ, ಅದ್ರಲ್ಲಿ 400 ಅಂದ್ರೆ ನೂರಕ್ಕೆ ಅರ್ಧವೂ ಇಲ್ಲ. ಇಷ್ಟು ಬಿಟ್ಟಿದ್ರೆ ನಮ್ಮನೆ ಮಗು ಈಗ ಸ್ಕೂಲಿಗೆ ನಡೆದು ಹೋಗ್ತಿತ್ತು.

ಕಳ್ಳರ ವಿಷಯ: ಜನ ಓಡಾಡೋ ದಾರಿಯಲ್ಲಿ ಕಣ್ಣುಗಳಿರ್ತಾವೆ. ಹಿಂದೆ ಗೋಡೆ, ಗೋಡೆ ಹಿಂದೆ ಖಾಲಿ ಸೈಟ್, ಗಿಡಗಂಟಿ, ಅಲ್ಲಿ ಯಾರೂ ನೋಡೋರಿಲ್ಲ. ಯಾವುದು ಧೈರ್ಯ ಅಂತ ನೀವೇ ಹೇಳಿ.

ಮಲೆನಾಡಲ್ಲಿ ಗ್ರಿಡ್ ಮಾಡಕ್ಕೆ ಆಗತ್ತಾ? ಗುಡ್ಡ, ಹಳ್ಳ ಎಲ್ಲ ಇರತ್ತಲ್ಲ?

ಆಗಲ್ಲ, ಮಾಡಲೂ ಬಾರದು. ತೀರ್ಥಹಳ್ಳಿ, ಹೊಸನಗರ, ಸಾಗರದ ಹಳ್ಳಿ ಕಡೆ ತೋಟ ಕಣಿವೇಲಿ, ಮನೆ ಅದರ ದಂಡೆಯಲ್ಲಿ, ಹಿಂದೆ ಸೊಪ್ಪಿನ ಬೆಟ್ಟ. ಒಂದು ಮನೆಯಿಂದ ಇನ್ನೊಂದು ಮನೆಗೆ ಕೂಗಿದ್ರೆ ಮಾತ್ರ ಕೇಳತ್ತೆ. ರಸ್ತೆ ಗುಡ್ಡದ ಓರೆ ನೋಡ್ಕೊಂಡೇ ಹೋಗಬೇಕು, ನೇರ ಎಳೆದ್ರೆ ಒಂದು ಮಳೆಗಾಲಕ್ಕೆ ಧರೆ ಕುಸಿಯತ್ತೆ. ಬರೀ ಟಾರ್ ರಸ್ತೆ ನಕ್ಷೆ ನೋಡಿದ್ರೆ ಮಲೆನಾಡು ತುಂಬಾ ಡೆಡ್ ಎಂಡೇ, ಮನೆಮನೆಗೂ ಒಂದು ಮಣ್ಣು ರಸ್ತೆ ಬಂದು ಅಂಗಳದಲ್ಲಿ ಮುಗಿಯತ್ತೆ. ಕಂಪ್ಯೂಟರ್ ಲೆಕ್ಕದಲ್ಲಿ ಭಾರೀ ಕೆಟ್ಟ ಜಾಲ.

ಆದ್ರೆ ಅಲ್ಲಿ ಹುಟ್ಟಿ ಬೆಳೆದವ್ರಿಗೆ ಗೊತ್ತು, ನಿಜವಾದ ಜಾಲ ಬೇರೆ ಇದೆ. ಗದ್ದೆ ಅಂಚಿನ ಮೇಲೆ, ತೋಟದ ಒಳಗೆ, ಹಳ್ಳಕ್ಕೆ ಹಾಕಿದ ಸಂಕದ ಮೇಲೆ, ತಡಮೆ ದಾಟಿ, ಬ್ಯಾಣ (ಹುಲ್ಲುಗಾವಲು) ಹತ್ತಿ ಇಳಿದ್ರೆ ಹತ್ತು ನಿಮಿಷಕ್ಕೆ ಆಚೆ ಊರು. ರಸ್ತೆಯಲ್ಲಿ ಬೈಕಲ್ಲಿ ಹೋದ್ರೆ ಅರ್ಧ ಗಂಟೆ. ಮನೆಗಳು ದೂರ ದೂರ ಇರೋದು ಬೇರೆ ವಿಷಯ, ಸಂಬಂಧ ಕಡಿದ ಹಾಗೆ ಇರೋದು ಬೇರೆ ವಿಷಯ. ನಂಗೆ ಬೇಜಾರಾಗೋದು ಈ ಕಾಲುದಾರಿಗಳು ಹೋಗ್ತಾ ಇರೋದಕ್ಕೆ. ಸಂಕ ಮಳೇಲಿ ಕೊಚ್ಚಿ ಹೋದ್ರೆ ಮತ್ತೆ ಹಾಕೋರಿಲ್ಲ, ಬೆಟ್ಟಕ್ಕೆ ಅಗಳು ತೋಡಿ ಬೇಲಿ ಹಾಕ್ತಾರೆ, ಎರಡು ವರ್ಷ ಯಾರೂ ನಡೆಯದಿದ್ರೆ ಹಳು ಬೆಳೆದು ದಾರಿನೇ ಕಾಣಲ್ಲ. ಅಜ್ಜಂದಿರು ಇರೋ ಹೊತ್ತಲ್ಲೇ ಅವ್ರ ಜೊತೆ ನಡೆದು ಈ ದಾರಿಗಳನ್ನ ನಕ್ಷೆಗೆ ಹಾಕಿಟ್ಕೊಳ್ಳಿ, ದಯವಿಟ್ಟು.

ಒಂದೇ ಒಂದು ಕೊಂಡಿಯಿಂದ ಅಷ್ಟೊಂದು ವ್ಯತ್ಯಾಸ ಆಗತ್ತಾ?

ಸಾಗರ ತಾಲೂಕಿನ ತುಮರಿ ಕಡೆಯವ್ರನ್ನ ಕೇಳಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದ್ಮೇಲೆ ಶರಾವತಿ ಹಿನ್ನೀರು ತುಂಬ್ಕೊಂಡು ಆ ಭಾಗದ ಜನ ಸಾಗರಕ್ಕೆ ಬರಬೇಕಾದ್ರೆ ಲಾಂಚ್ ಕಾಯಬೇಕಿತ್ತು, ಇಲ್ಲಾ ಹೊಸನಗರ ಕಡೆಯಿಂದ ಬಹಳ ದೂರ ಸುತ್ಕೊಂಡು ಬರಬೇಕಿತ್ತು. ರಾತ್ರಿ ಹೊತ್ತು ಹೆರಿಗೆ ನೋವು ಬಂದ್ರೆ, ಹಾವು ಕಚ್ಚಿದ್ರೆ ಲಾಂಚ್ ಎಲ್ಲಿ? ಬೇಸಿಗೇಲಿ ನೀರು ಇಳಿದ್ರೆ ಲಾಂಚಲ್ಲಿ ಗಾಡಿ ಹಾಕ್ತಿರಲಿಲ್ಲ. ನಾಡಿಗೆ ಬೆಳಕು ಕೊಟ್ಟ ಜನಕ್ಕೆ ದಾರಿ ಸಿಗೋಕೆ ಅರವತ್ತು ವರ್ಷ ಬೇಕಾಯ್ತು. 2025ರ ಜುಲೈ 14ಕ್ಕೆ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ, ನಾವೆಲ್ಲ ಸಿಗಂದೂರು ಸೇತುವೆ ಅನ್ನೋದು, ಉದ್ಘಾಟನೆ ಆಯ್ತು. 2.44 ಕಿಲೋಮೀಟರ್ ಉದ್ದ. ಲೆಕ್ಕದ ಭಾಷೇಲಿ ಇದು ಒಂದೇ ಒಂದು ಗೆರೆ. ಆ ಒಂದು ಗೆರೆಗೆ ಇಡೀ ದ್ವೀಪದ ಥರ ಇದ್ದ ಸೀಮೆ ಆಸ್ಪತ್ರೆಗೆ, ಕಾಲೇಜಿಗೆ ಹತ್ತಿರ ಬಂತು.

ಪೇಟೇಲಿ ಲೇಔಟ್ ಗೋಡೆ ಅಷ್ಟು ದೊಡ್ಡ ಸಂಕಟ ಅಲ್ಲ, ಒಪ್ತೀನಿ, ಎರಡನ್ನೂ ಒಂದೇ ತಕ್ಕಡೀಲಿ ಇಡಬಾರದು. ಆದ್ರೆ ಅಲ್ಲಿ ಸೇತುವೆಗೆ ನೂರಾರು ಕೋಟಿ ಬೇಕಾಯ್ತು, ಇಲ್ಲಿ ಬೇಕಾಗಿರೋದು 400 ಚದರಡಿ.

ಗ್ರಿಡ್ ಮಾಡಿದ್ರೆ ಎಲ್ಲ ಸರಿನಾ?

ಇಲ್ಲ. ಚೌಕ ತುಂಬಾ ದೊಡ್ಡದಾದ್ರೆ ಗ್ರಿಡ್ ಇದ್ದೂ ಪ್ರಯೋಜನ ಇಲ್ಲ, ಚಂಡೀಗಢದ ಸೆಕ್ಟರ್ 800 ಮೀಟರ್‌ಗೆ 1200 ಮೀಟರ್, ದೊಡ್ಡ ರಸ್ತೆ ನಂಬಿ ನಡೆಯೋರಿಗೆ ಅದು ದೂರವೇ. ಬಾರ್ಸಿಲೋನಾದಲ್ಲಿ 1859ರಲ್ಲಿ ಇಲ್ಡೆಫೋನ್ಸ್ ಸೆರ್ದಾ ಮಾಡಿದ ಯೋಜನೇಲಿ ಒಂದೊಂದು ಬ್ಲಾಕ್ 113 ಮೀಟರ್ ಸುಮಾರಿಗೆ, ಅದು ನಡೆಯೋ ಅಳತೆ. ಗ್ರಿಡ್‌ಗೆ ಇನ್ನೊಂದು ತೊಂದ್ರೆ, ಎಲ್ಲಾ ರಸ್ತೇಲೂ ಗಾಡಿ ನುಗ್ಗತ್ತೆ. ಅದಕ್ಕೇ ಈಗ ಅದೇ ಬಾರ್ಸಿಲೋನಾದಲ್ಲಿ ಕೆಲವು ಬ್ಲಾಕ್ ಸೇರಿಸಿ ಒಳಗೆ ಗಾಡಿ ಅಡ್ಡಹಾಯೋದು ತಪ್ಪಿಸಿ ನಡೆಯೋರಿಗೆ ಬಿಟ್ಟಿದಾರೆ. ಮತ್ತೆ ಅದೇ ತಡಮೆ.

ನೀರು, ಕಸದ ಗಾಡಿ, ಆಂಬುಲೆನ್ಸ್‌ಗೂ ಇದಕ್ಕೂ ಸಂಬಂಧ ಇದೆಯಾ?

ಇದೆ. ಪೈಪು ರಸ್ತೆ ಕೆಳಗೇ ಹೋಗೋದು. ರಸ್ತೆ ಸುತ್ತು ಬಂದ್ರೆ ಪೈಪೂ ಸುತ್ತು ಬರತ್ತೆ, ಒಂದು ಕಡೆ ಒಡೆದ್ರೆ ಇನ್ನೊಂದು ಕಡೆಯಿಂದ ನೀರು ಬಿಡಬಹುದು. ಡೆಡ್ ಎಂಡ್ ಪೈಪಿನ ಕೊನೇಲಿ ನೀರು ನಿಂತು ಕೊಳಕಾಗತ್ತೆ, ಕೊನೇ ಮನೆಯವ್ರು ಪ್ರೆಶರ್ ಇಲ್ಲ ಅಂತಾನೂ ಗೋಳಾಡ್ತಾರೆ. ಕಸದ ಗಾಡಿ ಉದ್ದಕ್ಕೂ ರಿವರ್ಸ್ ಬರಬೇಕು. ಫೈರ್ ಇಂಜಿನ್ ಬಗ್ಗೆ ಹೇಳೋದೇ ಬೇಡ.

ನಮ್ಮ ಏರಿಯಾ ನಾನೇ ಅಳೀಬೇಕು, ಎಲ್ಲಿಂದ ಶುರು ಮಾಡ್ಲಿ?

ಕಾಗದ ಪೆನ್ಸಿಲಿಂದ. ನಿಮ್ಮ ವಾರ್ಡಿನ ರಸ್ತೆ ಬರೀರಿ, ಚುಕ್ಕಿ ಗೆರೆ ಎಣಿಸಿ, ಮೇಲಿನ ಲೆಕ್ಕ ಹಾಕಿ. ಗೆರೆನ ಚುಕ್ಕಿಯಿಂದ ಭಾಗಿಸಿದ್ರೆ 1.4 ಅಥವಾ ಮೇಲೆ ಬಂದ್ರೆ ಚೆನ್ನಾಗಿದೆ, 1ರ ಹತ್ರ ಬಂದ್ರೆ ಮರದ ಕೊಂಬೆ. ಕಂಪ್ಯೂಟರ್ ಗೊತ್ತಿರೋ ಹುಡುಗ್ರು ಇದ್ರೆ ಕ್ಯೂಜಿಐಎಸ್ ಅನ್ನೋ ನಕ್ಷೆ ಸಾಫ್ಟ್‌ವೇರ್ ಉಚಿತವಾಗಿ ಸಿಗತ್ತೆ, ಪೈಥಾನ್ ಪ್ರೋಗ್ರಾಮಿಂಗ್ ಬರೋರಿಗೆ ಜೆಫ್ ಬೋಯಿಂಗ್ ಮಾಡಿರೋ ಓಎಸ್‌ಎಂಎನ್‌ಎಕ್ಸ್ ಇದೆ, ಊರಿನ ಹೆಸರು ಕೊಟ್ರೆ ರಸ್ತೆ ಜಾಲ ತೆಗೆದು ಲೆಕ್ಕ ಮಾಡಿ ಕೊಡತ್ತೆ. ಗೂಗಲ್ ಅರ್ಥ್‌ನಲ್ಲಿ ಹಳೇ ಚಿತ್ರ ಹಿಂದಕ್ಕೆ ಹಾಕಿ ನೋಡಿದ್ರೆ ನಿಮ್ಮ ಕಡೆ ಗದ್ದೆ ಯಾವಾಗ ಸೈಟಾಯ್ತು ಅಂತಾನೂ ಕಾಣತ್ತೆ.

ಒಂದು ಎಚ್ಚರಿಕೆ, ಮನೇಲಿ ಕೂತು ಮಾಡಿದ ಲೆಕ್ಕ ನಂಬಬೇಡಿ. ಸ್ಯಾಟಲೈಟಲ್ಲಿ ಎರಡು ರಸ್ತೆ ಮುಟ್ಟಿದ ಹಾಗೆ ಕಾಣತ್ತೆ, ಹೋಗಿ ನೋಡಿದ್ರೆ ಮಧ್ಯ ಆರಡಿ ಗೋಡೆ. ಇನ್ನೊಂದು ಕಡೆ ಮರದ ನೆರಳಲ್ಲಿ ಸಂದಿ ಇರತ್ತೆ, ಮೇಲಿಂದ ಕಾಣಲ್ಲ, ದಿನಾ ನೂರು ಜನ ಓಡಾಡ್ತಾರೆ. ನಡೆದೇ ನೋಡಬೇಕು.

ಸೈಟ್ ತಗೊಳೋವಾಗ ಇದನ್ನೆಲ್ಲ ಹೇಗೆ ನೋಡೋದು?

ಇ-ಸ್ವತ್ತು, ಖಾತೆ, ಅಪ್ರೂವಲ್ ಎಲ್ಲ ನೋಡೇ ನೋಡ್ತೀರಿ. ಜೊತೆಗೆ ಲೇಔಟ್ ಪ್ಲ್ಯಾನ್ ಬಿಚ್ಚಿ ರಸ್ತೆ ಕೊನೆ ನೋಡಿ. ಗಡಿವರೆಗೂ ರಸ್ತೆ ಅಂತ ತೋರಿಸಿದಾರಾ, ಇಲ್ಲಾ ಕೊನೇಲಿ ಸೈಟ್ ನಂಬರ್ ಹಾಕಿ ಮುಚ್ಚಿದಾರಾ? ಪಕ್ಕದ ಸರ್ವೇ ನಂಬರಿನ ಲೇಔಟ್ ಪ್ಲ್ಯಾನೂ ಕೇಳಿ, ಎರಡರ ರಸ್ತೆ ಒಂದೇ ಗೆರೇಲಿ ಬರತ್ತಾ ನೋಡಿ. ಆಮೇಲೆ ಸಂಜೆ ಹೊತ್ತು ಅಲ್ಲಿಗೆ ಹೋಗಿ ಹತ್ತಿರದ ಬಸ್ ಸ್ಟಾಪಿಗೆ, ಸ್ಕೂಲಿಗೆ, ದಿನಸಿ ಅಂಗಡಿಗೆ ನಿಜವಾಗ್ಲೂ ನಡೀರಿ. "ಸ್ಕೂಲಿಗೆ 200 ಮೀಟರ್" ಅಂತ ಬ್ರೋಷರ್‌ನಲ್ಲಿ ಹಾಕಿರೋದು ಹಕ್ಕಿ ದಾರಿ ಇರಬಹುದು.

ನಮ್ಮಲ್ಲಿ ಗೋಡೆ ಈಗಾಗ್ಲೇ ಎದ್ದಿದೆ. ಇನ್ನೇನೂ ಮಾಡಕ್ಕಾಗಲ್ವಾ?

ಆಗತ್ತೆ, ಆದ್ರೆ ಬೇಗ ಮಾಡಬೇಕು, ಖಾಲಿ ಸೈಟ್ ಇರೋ ಹೊತ್ತಲ್ಲೇ. ಅಪ್ರೂವ್ ಆದ ಲೇಔಟಲ್ಲಿ ರಸ್ತೆ, ಪಾರ್ಕನ್ನ ಸರ್ಕಾರಕ್ಕೆ ಪರಿತ್ಯಾಜನ ಮಾಡಿ ಬರ್ಕೊಟ್ಟಿರ್ತಾರೆ, ಅಂದ್ರೆ ಅದು ಸಾರ್ವಜನಿಕ ರಸ್ತೆ. ಎರಡು ಕಡೆನೂ ಗಡಿವರೆಗೆ ರಸ್ತೆ ಇದ್ದು ಮಧ್ಯ ಬರೀ ಗೋಡೆ ಇದ್ರೆ, ಆ ಗೋಡೆ ಯಾವ ಆಧಾರದ ಮೇಲೆ ಇದೆ ಅಂತ ಎರಡೂ ಪ್ಲ್ಯಾನ್ ಕಾಪಿ ಇಟ್ಟು ಲಿಖಿತವಾಗಿ ಕೇಳಿ. ಮಾಸ್ಟರ್ ಪ್ಲ್ಯಾನ್ ಕರಡು ಬಂದಾಗ ಸಲಹೆ, ಆಕ್ಷೇಪಣೆಗೆ ಟೈಮ್ ಕೊಡ್ತಾರೆ, 1961ರ ನಗರ ಯೋಜನಾ ಕಾಯ್ದೆಯಲ್ಲೇ ಅದಕ್ಕೆ ಅವಕಾಶ ಇದೆ. ಆಗ ಬರೀ "ರಸ್ತೆ ಬೇಕು" ಅಂತ ಬರೀಬೇಡಿ, ಸರ್ವೇ ನಂಬರ್ ಹಾಕಿ, ಎಲ್ಲಿಂದ ಎಲ್ಲಿಗೆ, ಈಗ ಎಷ್ಟು ಮೀಟರ್ ಸುತ್ತು, ಆಮೇಲೆ ಎಷ್ಟು ಅಂತ ಬರೀರಿ. ಪಕ್ಕದ ಲೇಔಟಿನವ್ರ ಸಹಿನೂ ಹಾಕಿಸಿ, ಅವ್ರಿಗೂ ಅಷ್ಟೇ ಕಷ್ಟ ಇರತ್ತೆ, ಗೋಡೆ ಆಚೆ ಇರೋದ್ರಿಂದ ನಿಮಗೆ ಗೊತ್ತಿರಲ್ಲ.

ನಮ್ಮನೆ ಹಿಂದಿನ ಗೋಡೆದು ಹೇಳ್ತೀನಿ. ಅರ್ಜಿಗೆ ಇನ್ನೂ ಉತ್ತರ ಬಂದಿಲ್ಲ. ಆದ್ರೆ ಮೂಲೆ ಸೈಟಿನ ಯಜಮಾನ್ರನ್ನ ನಾನೂ ನಮ್ಮಮ್ಮನೂ ಹೋಗಿ ಮಾತಾಡಿಸಿದ್ವಿ. ಅವ್ರು ಹುಟ್ಟಿದ್ದು ಹೊಸನಗರದ ಕಡೆ ಹಳ್ಳೀಲಿ. ನಾನು ನಕ್ಷೆ ಬಿಚ್ಚಿ ಲೆಕ್ಕ ಹೇಳೋಕೆ ಶುರು ಮಾಡಿದ್ದೆ, ಅಮ್ಮ ಮಧ್ಯ ಬಾಯಿ ಹಾಕಿ "ಒಂದು ತಡಮೆ ಬಿಡಿ ಸಾಕು ಮಾರಾಯ್ರೆ, ಮಕ್ಕಳು ದಾಟ್ಲಿ" ಅಂದ್ರು. ಅವ್ರು ಸ್ವಲ್ಪ ಹೊತ್ತು ಸುಮ್ನಿದ್ದು, ಮನೆ ಕಟ್ಟೋವರೆಗೆ ಸೈಟಿನ ಅಂಚಲ್ಲಿ ನಾಲ್ಕಡಿ ಜಾಗದಲ್ಲಿ ಓಡಾಡಿ, ಗೋಡೆ ಅಷ್ಟು ಮಟ್ಟಿಗೆ ತೆಗೆಸೋಣ ಅಂದಿದಾರೆ. ಮುಂದಿನ ಭಾನುವಾರ ಎರಡೂ ಕಡೆಯವ್ರು ಸೇರಿ ಅಲ್ಲಿನ ಗಿಡಗಂಟಿ ಸವರೋದು ಅಂತ ಮಾತಾಗಿದೆ.